ಗರಸು ಬಿದ್ದ ದಾರಿ, ಬಾರದ ಸೈಕಲ್

ಕೊರೊನಾ ಕಾಲದಲ್ಲಿ ಜಗತ್ತಿನ ದೊಡ್ಡ ನಗರಗಳಿಗೆ ಸೈಕಲ್ ಮತ್ತೆ ನೆನಪಾಯಿತು. ಬಸ್ಸಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಹೋಗುವುದು ಅಪಾಯವೆಂದಾದಾಗ, 2020ರ ಮಾರ್ಚ್‌ನಲ್ಲಿಯೇ ಕೊಲಂಬಿಯಾದ ಬೊಗೋಟಾ ನಗರವು ಮೋಟಾರು ರಸ್ತೆಗಳ ಒಂದು ಅಂಚನ್ನು ಸೈಕಲಿಗೆ ಬಿಟ್ಟುಕೊಟ್ಟಿತು. ಪ್ಯಾರಿಸ್ ಕೂಡ ಹಾಗೆಯೇ ಮಾಡಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಅದೇ ವರ್ಷ ಸಿಲ್ಕ್ ಬೋರ್ಡ್ ಮತ್ತು ಲೌರಿ ಜಂಕ್ಷನ್ ನಡುವೆ ಸುಮಾರು 17 ಕಿ.ಮೀ. ಉದ್ದದ ಸೈಕಲ್ ಪಥ ಬಂತು. ಮುಂದೆ ಮೆಟ್ರೊ ಕಾಮಗಾರಿಯ ಗದ್ದಲದಲ್ಲಿ ಅದು ಬಹುಮಟ್ಟಿಗೆ ಅಳಿಸಿಯೂ ಹೋಯಿತು.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಇಂಥ ಬಣ್ಣ ಬಳಿದ ಪಥವನ್ನು ಹುಡುಕುವವರಿಗೆ ನಿರಾಸೆಯೇ ಗತಿ. ಆದರೆ ಇಲ್ಲಿಯೂ ಸೈಕಲ್ ದಾರಿ ಇದೆ. ಅದಕ್ಕೆ ಜನ ಇಟ್ಟ ಹೆಸರು ಹೊಲದ ದಾರಿ, ಇಲ್ಲವೇ ಬಂಡಿ ದಾರಿ. ಬೆಳಿಗ್ಗೆ ಎತ್ತು, ಆಮೇಲೆ ಬುತ್ತಿಗಂಟು, ಶಾಲೆಯ ಹೊತ್ತಿಗೆ ಕ್ಯಾರಿಯರ್‌ಗೆ ಚೀಲ ಸಿಕ್ಕಿಸಿಕೊಂಡ ಮಕ್ಕಳು, ಎಲ್ಲರೂ ಓಡಾಡುವುದು ಅದರ ಮೇಲೆಯೇ.

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿತ್ತು. ವಾಯವ್ಯ ಸಾರಿಗೆಯ ಬಸ್ಸುಗಳು ನಿಂತವು. ಹಾನಗಲ್, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಿಗೆ ರೈಲಿನ ಭಾಗ್ಯವಿಲ್ಲ. ಸವಣೂರು ತಾಲ್ಲೂಕಿಗೆ ಯಲವಿಗಿಯಲ್ಲಿ ನಿಲ್ದಾಣವಿದ್ದರೂ ರೈಲೇ ಓಡಲಿಲ್ಲ. ರಾಜ್ಯದ ಅನೇಕ ಹಳ್ಳಿಗಳಲ್ಲಿ ಜನರೇ ಜಾಲಿಮುಳ್ಳು ಕಡಿದು ಊರಿನ ಹೆದ್ದಾರಿಗೆ ಅಡ್ಡ ಹಾಕಿದರು. ಮೇ ಮೊದಲ ದಿನಗಳವರೆಗೆ ಹಾವೇರಿ ಜಿಲ್ಲೆ ಹಸಿರು ವಲಯದಲ್ಲಿತ್ತು; ಮೊದಲ ಸೋಂಕು ಮೇ ತಿಂಗಳಲ್ಲಿ ಸವಣೂರಿನಲ್ಲಿ ಕಾಣಿಸಿಕೊಂಡಿತು. ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ರಂದು. ಸುಮಾರು ಎರಡು ತಿಂಗಳು ಹಳ್ಳಿಯವರಿಗೆ ಉಳಿದದ್ದು ಕಾಲು, ಮೋಟಾರ್ ಬೈಕ್ ಮತ್ತು ಸೈಕಲ್. ಪೆಟ್ರೋಲಿನ ಖರ್ಚೂ ಪೊಲೀಸರ ತಡೆಯೂ ಬೈಕಿಗೆ ಇದ್ದಷ್ಟು ಸೈಕಲಿಗೆ ಇರಲಿಲ್ಲ.

ರೋಗ ಬಂದಾಗ ಬದುಕು ಊರಿನಿಂದ ಹೊಲಕ್ಕೆ ಸರಿಯುವುದು ಈ ಸೀಮೆಗೆ ಹೊಸದಲ್ಲ. 1890ರ ದಶಕದ ಕೊನೆಗೆ ಆಗಿನ ಧಾರವಾಡ ಜಿಲ್ಲೆಗೆ ಪ್ಲೇಗು ನುಗ್ಗಿದಾಗ ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಇಲಿ ಸತ್ತ ಮನೆಯಲ್ಲಿ ಇರಬಾರದೆಂಬ ತಿಳಿವಳಿಕೆ ಹರಡಿತ್ತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಕಂಡುಹಿಡಿದ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಆಗ ಜನ ಊರಿನಿಂದ ಹೊಲಕ್ಕೆ ಹೋದರೆ, ಕೊರೊನಾದಲ್ಲಿ ಗುಳೆ ಹೋದವರು ಪಟ್ಟಣಗಳಿಂದ ಊರಿಗೆ ಮರಳಿದರು. ಎರಡು ಸಲವೂ ಹೊಲದ ದಾರಿಯ ಮೇಲೆ ಭಾರ ಹೆಚ್ಚಿತು.

ಮರಳಿದವರ ಕೈಗೆ ಕೆಲಸ ಬೇಕಿತ್ತು. ಆಗ ಜಾರಿಯಲ್ಲಿದ್ದ ಮಹಾತ್ಮ ಗಾಂಧಿ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕದ ದಿನಗೂಲಿ 2020ರ ಏಪ್ರಿಲ್‌ನಿಂದ 249 ರೂಪಾಯಿಯಿಂದ 275ಕ್ಕೆ ಏರಿತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೆಚ್ಚುವರಿಯಾಗಿ 40 ಸಾವಿರ ಕೋಟಿ ರೂಪಾಯಿ ಪ್ರಕಟಿಸಿತು. ಕೆರೆಯ ಹೂಳು, ಹೊಲದ ಬದು, ಕೃಷಿಹೊಂಡಗಳ ಜೊತೆಗೆ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಹೊಲದ ದಾರಿಗಳನ್ನು ಮಾಡುವ ಅವಕಾಶವೂ ಇದೇ ಯೋಜನೆಯಲ್ಲಿತ್ತು.

ಈ ದಾರಿಯ ಸುಧಾರಣೆ ಎಂದರೇನೆಂಬುದನ್ನು ಇಲ್ಲಿನ ಮಣ್ಣು ಬಲ್ಲವರೇ ಹೇಳಬೇಕು. ಸವಣೂರಿನ ಕಡೆಯ ಎರೆಮಣ್ಣಿನಲ್ಲಿ ಒಂದು ಮಳೆ ಬಿದ್ದರೆ ಸಾಕು, ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ತಿರುಗುವುದಿಲ್ಲ. ಕಡ್ಡಿಯಿಂದ ಕೆರೆದು ಹತ್ತು ಮಾರು ತಳ್ಳಬೇಕು, ಮತ್ತೆ ಕೆರೆಯಬೇಕು. ಕೊನೆಗೆ ಸೈಕಲ್ಲನ್ನೇ ಹೆಗಲಿಗೇರಿಸುವುದು ವಾಸಿ! ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ ಭಾಗದ ಗದ್ದೆ ಬಯಲಿನಲ್ಲಿ ತೊಂದರೆ ಬೇರೆ. ಅಲ್ಲಿ ದಾರಿಯೇ ನೀರಿನ ಕಾಲುವೆ. ಆದ್ದರಿಂದ ಮಣ್ಣು ಏರಿಸಿ ದಾರಿಯ ಬೆನ್ನು ಎತ್ತರಿಸುವುದು, ಎರಡೂ ಬದಿ ನೀರು ಹರಿಯಲು ತೋಡು ತೆಗೆಯುವುದು, ಹಳ್ಳ ದಾಟುವಲ್ಲಿ ಪೈಪು ಹೂಳುವುದು, ಮೇಲೆ ಗರಸು ಹಾಸುವುದು, ಇಷ್ಟಾದರೆ ಸೈಕಲಿಗೆ ಡಾಂಬರೇನೂ ಬೇಕಿಲ್ಲ.

ತೊಡಕಿದ್ದದ್ದು ಲೆಕ್ಕದಲ್ಲಿ. ಯೋಜನೆಯ ಹಣದಲ್ಲಿ ಕನಿಷ್ಠ ಶೇ 60ರಷ್ಟು ಕೂಲಿಗೇ ಹೋಗಬೇಕೆಂಬ ನಿಯಮವಿತ್ತು. ಕೂಲಿಕಾರರ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಮಣ್ಣು ಹೊರುವುದಕ್ಕೆ ಹಣ ಸಿಕ್ಕಷ್ಟು ಸುಲಭವಾಗಿ ಗರಸಿಗೆ, ಪೈಪಿಗೆ ಸಿಗದು. ಗರಸು ತೆಳುವಾದ ದಾರಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಬಂಡಿಯ ಜಾಡಾಗುತ್ತದೆ.

ದಾರಿಯ ಮಾತು ಇಷ್ಟಾಯಿತು. ಅದರ ಮೇಲೆ ಓಡಬೇಕಾದ ಸೈಕಲಿನ ಕಥೆ ಇನ್ನಷ್ಟು ಬೇಸರದ್ದು. ಬಹಳಷ್ಟು ಹಳ್ಳಿಗಳಲ್ಲಿ ಸರ್ಕಾರಿ ಶಾಲೆ 7ನೇ ತರಗತಿಗೆ ಮುಗಿಯುತ್ತದೆ. 8ಕ್ಕೆ ನಾಲ್ಕಾರು ಮೈಲಿ ದೂರದ ದೊಡ್ಡ ಊರಿಗೆ ಹೋಗಬೇಕು. ಹೆಣ್ಣುಮಕ್ಕಳ ಓದು ನಿಲ್ಲುತ್ತಿದ್ದದ್ದು ಇಲ್ಲಿಯೇ. ಅದಕ್ಕಾಗಿ 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಹುಡುಗಿಯರಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿ, ಬಳಿಕ ಹುಡುಗರಿಗೂ ವಿಸ್ತರಿಸಿತು. ಅಪ್ಪನ ಸೈಕಲಿನಲ್ಲಿ ಒಳಪೆಡಲು ತುಳಿದು ಕಲಿಯುತ್ತಿದ್ದದ್ದು ಹುಡುಗರೇ ಹೆಚ್ಚು; ಹುಡುಗಿಯ ಹೆಸರಿಗೇ ಒಂದು ಸೈಕಲ್ ಮನೆಗೆ ಬಂದದ್ದು ಆಗ.

ಕೊರೊನಾ ಬಂದ 2020-21ರಲ್ಲಿ ಈ ವಿತರಣೆ ನಿಂತಿತು. ಶಾಲೆಯೇ ಮುಚ್ಚಿರುವಾಗ ಸೈಕಲ್ ಏಕೆಂಬುದು ಮೇಲ್ನೋಟಕ್ಕೆ ಸರಿಯೆನಿಸುವ ಪ್ರಶ್ನೆ. ಆದರೆ ಪಾಠ ಪೂರ್ತಿ ನಿಂತಿರಲಿಲ್ಲ. ಆಗಸ್ಟ್‌ನಿಂದ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಹಳ್ಳಿಗಳಿಗೇ ಹೋಗಿ ಗುಡಿಯ ಪೌಳಿ, ಸಮುದಾಯ ಭವನ, ಮರದ ನೆರಳಿನಲ್ಲಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತು, ಹೊಸ ವರ್ಷಕ್ಕೆ ಮತ್ತೆ ಆರಂಭವಾಯಿತು. 2021ರ ಫೆಬ್ರುವರಿ 22ರಿಂದ 8ನೇ ತರಗತಿಯ ಮಕ್ಕಳು ಶಾಲೆಗೇ ಹೋಗಬೇಕಾಯಿತು. ಸೈಕಲ್ ಮಾತ್ರ ಬರಲಿಲ್ಲ.

ಎರಡನೇ ಅಲೆ ಇಳಿದು ಶಾಲೆಗಳು ಪೂರ್ಣ ತೆರೆದ ಮೇಲೂ, 2021-22ರಲ್ಲಿ, 2022-23ರಲ್ಲಿ ಅದೇ ಸ್ಥಿತಿ. 2023ರ ಜೂನ್‌ನಲ್ಲಿ ಬಂದ ‘ಶಕ್ತಿ’ ಯೋಜನೆ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣವನ್ನು ಉಚಿತಗೊಳಿಸಿತಾದರೂ, ಶಾಲೆಯ ಹೊತ್ತಿಗೆ ಬಸ್ಸೇ ಬಾರದ ಊರಿನ ಹುಡುಗಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಹುಡುಗರಿಗಂತೂ ಅದು ಅನ್ವಯಿಸುವುದೇ ಇಲ್ಲ.

2020ರಲ್ಲಿ 8ನೇ ತರಗತಿಗೆ ಸೇರಿ, ಮುಂದೆ ಎಲ್ಲಿಯೂ ತಪ್ಪದೆ ಓದಿದ ಹುಡುಗಿ 2023ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಳು. ಅವಳ ಅಕ್ಕನಿಗೆ ಸಿಕ್ಕಿದ್ದ ಸೈಕಲ್ ಮನೆಯಲ್ಲಿ ಉಳಿದಿದ್ದರೆ, ಟ್ಯೂಬಿಗೆ ಪಂಕ್ಚರ್ ಹಾಕಿಸಿಕೊಂಡು ಆ ಮೂರು ವರ್ಷ ಅದನ್ನೇ ತುಳಿದಿದ್ದಾಳು. ಇಲ್ಲದಿದ್ದರೆ ಗರಸಿನ ದಾರಿಯಲ್ಲಿ ನಡೆದೇ ಹೋಗಿರಬೇಕು.