ಗಣಕಯಂತ್ರದ ತಾಪ: ಪ್ರೊಸೆಸರ್ ಬದಲಿಸಿದ ಮೇಲೆ ಗಮನಿಸಬೇಕಾದುದು

ಗಣಕಯಂತ್ರವು ಇಂದು ನಮ್ಮ ಮನೆಗಳಲ್ಲಿ ಅಪರೂಪದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ವ್ಯಾಸಂಗ, ಸರ್ಕಾರಿ ಅರ್ಜಿಗಳು, ಜಮೀನಿನ ಪಹಣಿ, ಮದುವೆಯ ಛಾಯಾಚಿತ್ರಗಳು ಎಲ್ಲವೂ ಅದರ ಒಡಲನ್ನು ಸೇರಿವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿದ ತರುವಾಯ, ವಿಂಡೋಸ್ 11ಕ್ಕೆ ಹೊಂದದ ಹಳೆಯ ಯಂತ್ರವನ್ನು ಏನು ಮಾಡಬೇಕೆಂಬ ಪ್ರಶ್ನೆ ಅನೇಕ ಕುಟುಂಬಗಳಲ್ಲಿ ಎದ್ದಿದೆ. ಇಡೀ ಯಂತ್ರವನ್ನು ಕೊಳ್ಳುವ ಬದಲು ಅದರ ಮೆದುಳೆನಿಸಿದ ಪ್ರೊಸೆಸರನ್ನು ಮಾತ್ರ ಬದಲಿಸುವುದು ಮಿತವ್ಯಯದ ಮಾರ್ಗ. ಎಎಂಡಿ ಕಂಪನಿಯ ಎಎಂ4 ಮಾದರಿಯ ಅನೇಕ ಮದರ್‌ಬೋರ್ಡುಗಳಲ್ಲಿ ಇದು ಸಾಧ್ಯ. ಬೋರ್ಡಿನ ತಯಾರಕರು ಅವಕಾಶ ಕೊಟ್ಟಿದ್ದರೆ, ಮೊದಲು ಬಯೋಸ್ ನವೀಕರಿಸಿಕೊಂಡು, 2017ರ ರೈಜನ್ 5 1600 ಇದ್ದ ಸ್ಥಾನದಲ್ಲಿ 2022ರ ರೈಜನ್ 5 5600ನ್ನು ಕೂರಿಸಬಹುದು.

ಆದರೆ ಪರದೆ ಬೆಳಗಿದೊಡನೆ ಕಾರ್ಯ ಸಂಪೂರ್ಣವಾಯಿತೆಂದು ತಿಳಿಯಲಾಗದು. ಹೊಸ ಪ್ರೊಸೆಸರಿನ ತಾಪಮಾನವನ್ನು ಅಳೆದು ನೋಡಿದ ಮೇಲೆಯೇ ಕೆಲಸ ಮುಗಿಯಿತೆನ್ನಬೇಕು. ಹನೂರು ತಾಲ್ಲೂಕಿನ ಒಡೆಯರಪಾಳ್ಯದಂತಹ ಬೆಟ್ಟಸೀಮೆಯ ಊರಿನವರು, ಯಂತ್ರ ಕೆಟ್ಟರೆ ಅದನ್ನು ಬಸ್ಸಿಗೇರಿಸಿಕೊಂಡು ಹನೂರಿಗೋ ಕೊಳ್ಳೇಗಾಲಕ್ಕೋ ಹೋಗಬೇಕಾದೀತು. ಆದ್ದರಿಂದ ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳುವ ತಿಳಿವಳಿಕೆ ಅಂತಹ ಊರುಗಳ ಕುಟುಂಬಗಳಿಗೆ ಹೆಚ್ಚು ಅಗತ್ಯ.

ಹಿಂದೆ ಅತಿಯಾದ ತಾಪವೆಂದರೆ ಪ್ರೊಸೆಸರಿನ ನಾಶವೇ ಆಗಬಹುದಿತ್ತು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪರೀಕ್ಷಕ ಸಂಸ್ಥೆಯು ನಡೆಸಿದ ಪ್ರಯೋಗದಲ್ಲಿ, ಓಡುತ್ತಿದ್ದ ಯಂತ್ರದಿಂದ ಹೀಟ್ ಸಿಂಕನ್ನು ತೆಗೆದಾಗ ಆ ಕಾಲದ ಎಎಂಡಿ ಅಥ್ಲಾನ್ ಕ್ಷಣಗಳಲ್ಲಿ ಸುಟ್ಟುಹೋಯಿತು. ಇಂಟೆಲ್ ಪೆಂಟಿಯಂ 4 ವೇಗವನ್ನು ತಗ್ಗಿಸಿಕೊಂಡು ಉಳಿಯಿತು. ಇಂದಿನ ಪ್ರೊಸೆಸರುಗಳಲ್ಲಿ ಈ ರಕ್ಷಣೆ ಸಾಮಾನ್ಯವಾಗಿದೆ. ಮಿತಿಯನ್ನು ಮುಟ್ಟಿದೊಡನೆ ವೇಗ ತಾನಾಗಿ ಕುಗ್ಗುತ್ತದೆ. ಅಷ್ಟಕ್ಕೂ ತಣಿಯದಿದ್ದರೆ ಯಂತ್ರವೇ ಆರಿಹೋಗುತ್ತದೆ. ಇದರಿಂದ ಪ್ರೊಸೆಸರ್ ಉಳಿಯುತ್ತದೆ, ಆದರೆ ದೋಷ ಮರೆಯಾಗುತ್ತದೆ. ಹಣ ತೆತ್ತು ತಂದ ವೇಗ ಕೈಗೆ ದೊರೆಯುತ್ತಿಲ್ಲವೆಂಬುದು ಮನೆಯವರಿಗೆ ತಿಳಿಯುವುದೇ ಇಲ್ಲ. ಮಗಳು ವಿದ್ಯಾರ್ಥಿವೇತನದ ಅರ್ಜಿಯನ್ನು ಕಡೆಯ ದಿನ ತುಂಬುತ್ತಿರುವಾಗ ಯಂತ್ರ ತಟ್ಟನೆ ಆರಿದರೆ, ವಿದ್ಯುತ್ತಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತೇವೆ.

ತಾಪವನ್ನು ಅರಿಯುವ ಬಗೆ ಸರಳವಾದುದು. ಎಚ್‌ಡಬ್ಲ್ಯೂಇನ್ಫೋ, ಕೋರ್ ಟೆಂಪ್ ಮುಂತಾದ ತಂತ್ರಾಂಶಗಳು ಮನೆಬಳಕೆಗೆ ಉಚಿತವಾಗಿ ದೊರೆಯುತ್ತವೆ. ಯಂತ್ರವನ್ನು ಚಾಲೂ ಮಾಡಿ, ಯಾವ ಕೆಲಸವನ್ನೂ ಹಚ್ಚದೆ ಹತ್ತು ನಿಮಿಷ ಬಿಟ್ಟು ಮೊದಲ ಅಂಕಿಯನ್ನು ನೋಡಬೇಕು. ಅದು ಸಾಮಾನ್ಯವಾಗಿ 35ರಿಂದ 50 ಡಿಗ್ರಿ ಸೆಲ್ಸಿಯಸ್ ಒಳಗಿರುತ್ತದೆ. ಅನಂತರ ಸಿನಿಬೆಂಚ್‌ನಂತಹ ಪರೀಕ್ಷಾ ತಂತ್ರಾಂಶದಿಂದ ಪ್ರೊಸೆಸರಿಗೆ ಹತ್ತು ನಿಮಿಷ ಪೂರ್ಣ ಹೊರೆ ಕೊಟ್ಟು ಗರಿಷ್ಠ ಅಂಕಿಯನ್ನು ನೋಡಬೇಕು. ಬಯೋಸ್ ಪರದೆಯ ಅಂಕಿಯೊಂದನ್ನೇ ನಂಬುವುದು ಸಲ್ಲದು. ಅಲ್ಲಿ ವಿದ್ಯುತ್ ಉಳಿತಾಯದ ಏರ್ಪಾಡುಗಳು ಪೂರ್ಣವಾಗಿ ನಡೆಯದ ಕಾರಣ ತಾಪ ತುಸು ಹೆಚ್ಚಾಗಿ ಕಾಣಬಹುದು.

ಪ್ರತಿ ಪ್ರೊಸೆಸರಿಗೂ ತನ್ನದೇ ಮಿತಿಯಿದೆ. ರೈಜನ್ 5 5600ಕ್ಕೆ 90 ಡಿಗ್ರಿ, ಇಂಟೆಲ್ ಕೋರ್ ಐ5 12400ಕ್ಕೆ 100 ಡಿಗ್ರಿ. ರೈಜನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಪೂರ್ಣ ಹೊರೆಯಲ್ಲಿ 95 ಡಿಗ್ರಿಯವರೆಗೆ ಏರುವಂತೆಯೇ ರಚಿತವಾಗಿವೆ. ಆದ್ದರಿಂದ ನೆರೆಮನೆಯ ಯಂತ್ರದ ಅಂಕಿಯನ್ನು ಕಂಡು ಗಾಬರಿಯೂ ಬೇಡ, ಸಮಾಧಾನವೂ ಬೇಡ. 5600ರಂತಹ ಪ್ರೊಸೆಸರ್ ಹೊರೆಯಲ್ಲಿ 70-80ರ ಆಸುಪಾಸಿನಲ್ಲಿ ನಿಂತರೆ ಚಿಂತೆಯಿಲ್ಲ. ಹೊರೆ ಬಿದ್ದ ಕೆಲವೇ ಕ್ಷಣಗಳಲ್ಲಿ 90ಕ್ಕೆ ನೆಗೆದು ಅಲ್ಲೇ ನಿಂತರೆ ಪರೀಕ್ಷೆಯನ್ನು ನಿಲ್ಲಿಸಿ ಕಾರಣ ಹುಡುಕಬೇಕು.

ಕಾರಣಗಳು ಹಲವು ವೇಳೆ ಅತಿ ಸಣ್ಣವು. ಹೊಸ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಉಳಿಸಿರುವುದು, ಒಣಗಿದ ಹಳೆಯ ಥರ್ಮಲ್ ಪೇಸ್ಟಿನ ಮೇಲೆಯೇ ಕೂಲರನ್ನು ಕೂರಿಸಿರುವುದು, ತಿರುಪುಗಳು ಸಮನಾಗಿ ಬಿಗಿಯದಿರುವುದು, ಫ್ಯಾನಿನ ತಂತಿಯನ್ನು ಸಿಕ್ಕಿಸದಿರುವುದು, ಪೆಟ್ಟಿಗೆಯಲ್ಲಿ ಧೂಳು ತುಂಬಿರುವುದು ಇವು ಮುಖ್ಯವಾದವು. ಕೂಲರನ್ನು ಮತ್ತೆ ತೆಗೆಯಬೇಕಾದರೆ ಯಂತ್ರವನ್ನು ತುಸು ಹೊತ್ತು ಓಡಿಸಿ, ಆರಿಸಿ, ಪ್ಲಗ್ ಕಿತ್ತು, ಬೆಚ್ಚಗಿರುವಾಗಲೇ ಅತ್ತಿತ್ತ ಮೆಲ್ಲನೆ ತಿರುಗಿಸಿ ಎತ್ತಬೇಕು. ನೇರವಾಗಿ ಕಿತ್ತರೆ ಎಎಂ4 ಬೋರ್ಡಿನಲ್ಲಿ ಪ್ರೊಸೆಸರೂ ಅಂಟಿಕೊಂಡು ಬಂದು ಅದರ ಸೂಜಿಯಂತಹ ಪಿನ್ನುಗಳು ಬಾಗುವ ಅಪಾಯವಿದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಋತುಮಾನವನ್ನೂ ಮರೆಯಬಾರದು. ಕೋಣೆಯ ಉಷ್ಣತೆ ಎಷ್ಟು ಏರುವುದೋ ಪ್ರೊಸೆಸರಿನ ತಾಪವೂ ಸರಿಸುಮಾರು ಅಷ್ಟೇ ಏರುತ್ತದೆ. ಮಾರ್ಗಶಿರದ ಚಳಿಯಲ್ಲಿ 22 ಡಿಗ್ರಿಯ ಕೋಣೆಯಲ್ಲಿ 78 ತೋರಿದ ಯಂತ್ರ, ಚೈತ್ರದಲ್ಲಿ ಅದೇ ಕೋಣೆ 34 ಡಿಗ್ರಿಯಾದಾಗ 90ರ ಮಿತಿಯನ್ನು ಮುಟ್ಟೀತು. ಚಳಿಗಾಲದಲ್ಲಿ ಕಂಡ ಸುಭದ್ರತೆ ಬೇಸಿಗೆಗೆ ಸಾಕ್ಷಿಯಾಗದು. ಹೀಗಾಗಿ ಪ್ರೊಸೆಸರ್ ಬದಲಿಸಿದ ದಿನವೇ ತಾರೀಖು, ಕೋಣೆಯ ಉಷ್ಣತೆ, ವಿರಾಮದ ಅಂಕಿ, ಹೊರೆಯ ಅಂಕಿ ಈ ನಾಲ್ಕನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು, ಏಪ್ರಿಲ್ ತಿಂಗಳಿನಲ್ಲಿ ಇನ್ನೊಮ್ಮೆ ಅಳೆದು ಹೋಲಿಸುವುದು ಒಳಿತೆಂದು ನಾವು ಭಾವಿಸುತ್ತೇವೆ. ಕೋಣೆಯ ಉಷ್ಣತೆಯ ವ್ಯತ್ಯಾಸಕ್ಕಿಂತ ಪ್ರೊಸೆಸರಿನ ತಾಪ ಬಹಳವಾಗಿ ಏರಿದ್ದರೆ, ಮೊದಲು ಪ್ಲಗ್ ಕಿತ್ತು ಧೂಳನ್ನು ತೆಗೆಯಿರಿ.