ಸಪಾಟು ಬಯಲಿನ ಏರುತಗ್ಗು

ಒಡ್ಡು ಎಷ್ಟೆತ್ತರ ಬೇಕು, ನೆರೆ ಬಂದರೆ ನೀರು ಯಾವ ಕಡೆ ನುಗ್ಗುತ್ತದೆ ಎನ್ನುವುದೆಲ್ಲ ನೆಲದ ಮಟ್ಟದ ಮೇಲೆ ನಿಂತ ಪ್ರಶ್ನೆ. ರೈನ್, ಮಾಸ್ ನದಿಗಳು ಕಡಲು ಸೇರುವ ನೆದರ್ಲೆಂಡ್ಸ್, 1990ರ ದಶಕದ ಕೊನೆಯಿಂದ ವಿಮಾನದಿಂದ ಲೇಸರ್ ಹಾಯಿಸಿ ಇಡೀ ದೇಶದ ನೆಲ ಅಳೆಯುತ್ತ ಬಂದಿದೆ.

ತಪ್ಪು ಕಲ್ಪನೆ: ನದೀಮುಖಜ ಭೂಮಿ ಅಂಗೈಯಂತೆ ಸಪಾಟು, ಅಳೆಯಲು ಏನಿದೆ?

ವಾಸ್ತವ: ಸಪಾಟಾಗಿರುವುದರಿಂದಲೇ ಅಳೆಯಬೇಕು. ಇಲ್ಲಿ ಗೇಣುದ್ದದ ಏರುಪೇರು ಯಾರ ಮನೆ ಮುಳುಗೀತು ಎಂಬುದನ್ನು ತೀರ್ಮಾನಿಸುತ್ತದೆ. ಲೇಸರ್ ನಕ್ಷೆಯಲ್ಲಿ ಆ ಬಯಲನ್ನು ನೋಡಿದರೆ ಸಾವಿರಾರು ವರ್ಷ ಹಿಂದೆ ಬತ್ತಿದ ಹೊಳೆಗಳ ಜಾಡು ಹಾವಿನ ಹಾಗೆ ಎದ್ದು ಕಾಣುತ್ತದೆ. ಸೋಜಿಗವೆಂದರೆ ಆ ಹೊಳೆಪಾತ್ರಗಳು ಈಗ ತಗ್ಗಲ್ಲ, ದಿಬ್ಬ. ಹೊಳೆ ಬಿಟ್ಟುಹೋದ ಮರಳು ಇದ್ದಲ್ಲೇ ಉಳಿಯಿತು. ಅಕ್ಕಪಕ್ಕದ ಪೀಟ್, ಅಂದರೆ ಸಸ್ಯಗಳು ಅರೆಕೊಳೆತು ಕೂಡಿದ ಮಣ್ಣು, ನೀರು ಬಸಿದು ಬೇಸಾಯ ಮಾಡಿದಂತೆಲ್ಲ ಒಣಗಿ ಕುಸಿಯಿತು. ಹಳೆಯ ಊರುಗಳು ಅನೇಕ ಕಡೆ ಆ ದಿಬ್ಬಗಳ ಮೇಲೆಯೇ ಕೂತಿವೆ. ಯಾವ ಉಪಕರಣವೂ ಇಲ್ಲದ ಕಾಲದ ರೈತರು ನೆಲವನ್ನು ಎಷ್ಟು ಚೆನ್ನಾಗಿ ಓದಿದ್ದರು!

ತಪ್ಪು ಕಲ್ಪನೆ: ಬಾಹ್ಯಾಕಾಶದಿಂದ ತೆಗೆದ ನಕ್ಷೆಯೇ ಸಾಕು.

ವಾಸ್ತವ: 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರಾಡಾರ್ ತಯಾರಿಸಿದ ಎತ್ತರದ ನಕ್ಷೆ ಜಗತ್ತಿಗೇ ಉಪಕಾರಿ. ಆದರೆ ಅದು ಮರಗಳನ್ನೂ ಮನೆಗಳನ್ನೂ ಬಹುಮಟ್ಟಿಗೆ ನೆಲದ ಲೆಕ್ಕಕ್ಕೆ ಸೇರಿಸಿತ್ತು. ಅದರ ಪ್ರಕಾರ ವಿಯೆಟ್ನಾಂನ ಮೆಕಾಂಗ್ ನದೀಮುಖಜ ಬಯಲು ಕಡಲಿಗಿಂತ ಸರಾಸರಿ ಸುಮಾರು 2.6 ಮೀಟರ್ ಎತ್ತರ. ನೆಲದ ಮೇಲಿನ ಅಳತೆಗಳನ್ನು ಆಧರಿಸಿದ 2019ರ ಅಧ್ಯಯನದಲ್ಲಿ ಸಿಕ್ಕಿದ್ದು ಸುಮಾರು 0.8 ಮೀಟರ್.

ತಪ್ಪು ಕಲ್ಪನೆ: ಲೇಸರ್ ನೇರವಾಗಿ ನೆಲವನ್ನೇ ಅಳೆಯುತ್ತದೆ.

ವಾಸ್ತವ: ಅದು ಮೊದಲು ಬಡಿಯುವುದು ಎಲೆಗೆ, ಕೊಂಬೆಗೆ. ಸಂದಿಯಲ್ಲಿ ನುಸುಳಿದ ಪಾಲು ಮಾತ್ರ ನೆಲ ಮುಟ್ಟಿ ಮರಳುತ್ತದೆ. ಅದಕ್ಕೇ ಡಚ್ಚರು ಎಲೆ ಉದುರಿದ ಚಳಿಗಾಲದಲ್ಲಿ ಹಾರುತ್ತಾರೆ. ಆಮೇಲೆ ಮರ, ಮನೆಗಳ ಬಿಂದುಗಳನ್ನು ಹೆಕ್ಕಿ ತೆಗೆಯುವ ಕೆಲಸ. ಸಾಮಾನ್ಯವಾಗಿ ಬಳಸುವ ಇನ್‌ಫ್ರಾರೆಡ್ ಲೇಸರನ್ನು ನೀರು ಹೀರಿಬಿಡುವುದರಿಂದ ಹೊಳೆಯ ತಳ ಇದರಲ್ಲಿ ಸಿಗುವುದೇ ಇಲ್ಲ.

ತಪ್ಪು ಕಲ್ಪನೆ: ಜಿಪಿಎಸ್ ತೋರಿಸುವ ಎತ್ತರವೇ ಕಡಲಮಟ್ಟದಿಂದ ಎತ್ತರ.

ವಾಸ್ತವ: ಲೇಸರ್ ಹೇಳುವುದು ವಿಮಾನದಿಂದ ನೆಲಕ್ಕಿರುವ ದೂರ ಮಾತ್ರ. ವಿಮಾನದ ಎತ್ತರ ಹೇಳುವ ಜಿಪಿಎಸ್ ಅಳೆಯುವುದು ಭೂಮಿಯ ಗಣಿತದ ಆಕಾರದಿಂದ. ನೆದರ್ಲೆಂಡ್ಸ್‌ನಲ್ಲಿ ಆ ಆಕಾರಕ್ಕೂ ಕಡಲಮಟ್ಟಕ್ಕೂ 40 ಮೀಟರಿಗಿಂತ ಹೆಚ್ಚು ಅಂತರ! ಅಲ್ಲಿನ ಎತ್ತರಗಳಿಗೆಲ್ಲ ಆಧಾರವಾದ ಆಮ್‌ಸ್ಟರ್‌ಡ್ಯಾಂ ಮಟ್ಟಕ್ಕೆ ಹೊಂದಿಸದೆ ಆ ಅಂಕಿಗಳಿಂದ ಒಡ್ಡು ಕಟ್ಟಲಾಗದು.

ತಪ್ಪು ಕಲ್ಪನೆ: ಒಮ್ಮೆ ಅಳೆದರೆ ಮುಗಿಯಿತು.

ವಾಸ್ತವ: ಪೀಟ್ ನೆಲ ಇಂದಿಗೂ ಕುಸಿಯುತ್ತಿದೆ. ಹಾಗಾಗಿ ಮೂರನೆಯ ಸುತ್ತಿನ ಅಳತೆ 2014ರಿಂದ 2019ರವರೆಗೆ ನಡೆದರೆ ನಾಲ್ಕನೆಯದು 2020ರಲ್ಲೇ ಶುರುವಾಯಿತು. ಈ ಅಳತೆಗಳೆಲ್ಲ ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯುವಂತೆ ತೆರೆದಿವೆ.