ಮೀಸಲು ಸೈನಿಕರ ಮನೆಯವರಿಗೆ: ಮೂವತ್ತು ದಿನದ ಗೆರೆ

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇದ್ದವರೂ ಸೇನೆ ಸೇರಬಹುದು. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೂ ಆರ್ಮಿ ರಿಸರ್ವ್, ನ್ಯಾಷನಲ್ ಗಾರ್ಡ್‌ಗಳ ಬಾಗಿಲು ತೆರೆದಿದೆ. ಇವು ಮೀಸಲು ಪಡೆಗಳು. ಸೇರಿದವರು ವಾರವಿಡೀ ತಮ್ಮ ಕೆಲಸ ಮಾಡಿಕೊಂಡಿರುತ್ತಾರೆ. ತಿಂಗಳಿಗೊಂದು ವಾರಾಂತ್ಯ ಡ್ರಿಲ್, ಅಂದರೆ ತರಬೇತಿ. ವರ್ಷಕ್ಕೆ ಸುಮಾರು ಎರಡು ವಾರ ಶಿಬಿರ. ಕರೆ ಬಂದರೆ ಮಾತ್ರ ತಿಂಗಳುಗಟ್ಟಲೆ ಪೂರ್ಣಾವಧಿ ಸೇವೆ.

ಇಂಥವರ ಗಂಡನೋ ಹೆಂಡತಿಯೋ ಆಗಿದ್ದರೆ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಮಗೆ ಏನು ಸಿಗುತ್ತದೆ ಎಂಬುದು ಬಹುಮಟ್ಟಿಗೆ ಅವರ ಕೈಗೆ ಬರುವ ಆರ್ಡರ್ಸ್, ಅಂದರೆ ಸೇವೆಗೆ ಕರೆಯುವ ಲಿಖಿತ ಆದೇಶದ ಮೇಲೆ ನಿಂತಿದೆ. ಅದರಲ್ಲಿ ಮೊದಲು ನೋಡಬೇಕಾದದ್ದು ದಿನಗಳ ಸಂಖ್ಯೆ. 30 ದಿನ ದಾಟಿದರೆ ಒಂದು ಲೆಕ್ಕ, ದಾಟದಿದ್ದರೆ ಇನ್ನೊಂದು. ಆದೇಶದ ಒಂದು ಪ್ರತಿ ಸದಾ ನಿಮ್ಮ ಬಳಿ ಇರಲಿ.

ಎಲ್ಲಕ್ಕೂ ಮೊದಲು ಡೀರ್ಸ್ ನೋಂದಣಿ. ಸೈನಿಕರ ಕುಟುಂಬದವರ ಹೆಸರುಗಳಿರುವ ಸರ್ಕಾರಿ ದಾಖಲೆ ಇದು. ಇಲ್ಲಿ ಹೆಸರಿಲ್ಲದಿದ್ದರೆ ವಿಮೆಯೂ ಇಲ್ಲ, ಸೇನಾ ಕುಟುಂಬದ ಗುರುತಿನ ಕಾರ್ಡೂ ಇಲ್ಲ. ವಿವಾಹ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಫೋಟೋ ಇರುವ ಗುರುತಿನ ಚೀಟಿ ಬೇಕಾಗುತ್ತವೆ. ಊರಿನಲ್ಲಿ ಮದುವೆಯಾಗಿದ್ದು ಪ್ರಮಾಣಪತ್ರ ಕನ್ನಡದಲ್ಲಿದ್ದರೆ, ದೃಢೀಕರಿಸಿದ ಇಂಗ್ಲಿಷ್ ಅನುವಾದವನ್ನು ಮೊದಲೇ ಮಾಡಿಸಿಡಿ. ಹತ್ತಿರದ ಸೇನಾ ನೆಲೆಯ ಗುರುತಿನ ಚೀಟಿ ಕಚೇರಿಯಲ್ಲಿ ಸಮಯ ಕಾಯ್ದಿರಿಸಿ ಹೋಗಿ. ಕಾರ್ಡ್‌ಗೆ ಹಣ ಕೊಡಬೇಕಿಲ್ಲ. ಸಂಗಾತಿಗೆ ಜೊತೆಗೆ ಬರಲು ಆಗುವುದಿಲ್ಲವೇ? ಸಹಿ ಮಾಡಿದ ಅರ್ಜಿಯನ್ನು ಅವರಿಂದ ಮುಂಚೆಯೇ ಪಡೆದುಕೊಳ್ಳಿ.

ಇನ್ನು ಆರೋಗ್ಯ ವಿಮೆ. ನಿಯಮಿತವಾಗಿ ಡ್ರಿಲ್‌ಗೆ ಹೋಗುವವರು ಟ್ರೈಕೇರ್ ರಿಸರ್ವ್ ಸೆಲೆಕ್ಟ್ ಎಂಬ ವಿಮೆಯನ್ನು ಕೊಳ್ಳಬಹುದು. 2025ರಲ್ಲಿ ಇಡೀ ಕುಟುಂಬಕ್ಕೆ ಇದರ ಕಂತು ತಿಂಗಳಿಗೆ ಸುಮಾರು 274 ಡಾಲರ್ ಇತ್ತು. ಪ್ರತಿ ವರ್ಷ ಇದು ಬದಲಾಗುತ್ತದೆ. ಕಂಪನಿ ಕೊಡುವ ವಿಮೆಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಮಕ್ಕಳಿರುವ ಮನೆಗೆ ಇದು ಒಳ್ಳೆಯ ಆಯ್ಕೆ ಎಂದೇ ನನ್ನ ಅನಿಸಿಕೆ. ಆದೇಶ 30 ದಿನ ಮೀರಿದರೆ ಈ ಕಂತು ನಿಲ್ಲುತ್ತದೆ. ಪೂರ್ಣಾವಧಿ ಸೈನಿಕರ ಕುಟುಂಬಕ್ಕಿರುವ ವಿಮೆಯೇ ನಿಮಗೂ ಸಿಗುತ್ತದೆ. ಯುದ್ಧಕಾರ್ಯದಂಥ ವಿಶೇಷ ಕರೆಯಿಂದ ಮರಳಿದ ಮೇಲೆ 180 ದಿನಗಳ ರಕ್ಷಣೆಯೂ ಇದೆ. ಆ ಅವಧಿ ಮುಗಿಯುವ ಮೊದಲೇ ರಿಸರ್ವ್ ಸೆಲೆಕ್ಟ್‌ಗೆ ಮತ್ತೆ ಅರ್ಜಿ ಹಾಕಬೇಕು. ತಾನಾಗಿ ಅದು ಮರಳಿ ಶುರುವಾಗುವುದಿಲ್ಲ.

ಕರೆ ಬಂದ ವಾರ ಮನೆಯಲ್ಲಿ ದುಡ್ಡಿನ ಚಿಂತೆ ಏಳುವುದು ಸಹಜ. ಸೇವೆಗೆ ಮುಂಚೆ ಮಾಡಿದ ಸಾಲಕ್ಕೆ, ಸೇವೆಯಲ್ಲಿರುವಷ್ಟು ಕಾಲ, ಬಡ್ಡಿ ಶೇ. 6 ಮೀರಬಾರದೆಂದು ಕಾನೂನು ಹೇಳುತ್ತದೆ. ಇಬ್ಬರ ಹೆಸರಿನಲ್ಲಿರುವ ಜಂಟಿ ಸಾಲಕ್ಕೂ ಇದು ಅನ್ವಯ. ಆದರೆ ಬ್ಯಾಂಕಿಗೆ ಆದೇಶದ ಪ್ರತಿ ಲಗತ್ತಿಸಿ ನೀವೇ ಬರೆದು ಕೇಳಬೇಕು. ವಿದೇಶಕ್ಕೆ ಕಳುಹಿಸುವ ಕರೆಯಾದರೆ ನಿಮ್ಮ ಕೆಲಸದಿಂದಲೂ 12 ವಾರದವರೆಗೆ ಸಂಬಳವಿಲ್ಲದ ರಜೆ ಪಡೆಯಬಹುದು. 50ಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಕಂಪನಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಪ್ರಯಾಣದ ವಿಷಯದಲ್ಲಿ ಜನ ಮೊದಲು ಕೇಳುವುದು ಸ್ಪೇಸ್-ಎ ಬಗ್ಗೆ. ಸೇನಾ ವಿಮಾನದಲ್ಲಿ ಸೀಟು ಉಳಿದರೆ ಅರ್ಹರಿಗೆ ಕೊಡುವ ವ್ಯವಸ್ಥೆ ಅದು. ಟಿಕೆಟ್ ಹಣವಿಲ್ಲ. 70 ಪೌಂಡ್ ತನಕ ತೂಗುವ ಎರಡು ಪೆಟ್ಟಿಗೆ ಒಯ್ಯಬಹುದು. ಸಣ್ಣ ವಿಮಾನದಲ್ಲಿ ಇದು ಕಡಿಮೆ. ಹೆಸರು ನೋಂದಾಯಿಸಿದರೆ 60 ದಿನ ಚಾಲ್ತಿಯಲ್ಲಿರುತ್ತದೆ. ಸಂಗಾತಿ 30 ದಿನಕ್ಕೂ ಹೆಚ್ಚು ಕಾಲ ನಿಯೋಜನೆಯ ಮೇಲೆ ದೂರ ಹೋಗಿದ್ದರೆ, ಅವರ ದಳದ ಕಮಾಂಡರ್ ಕೊಡುವ ಪತ್ರ ಹಿಡಿದು ನೀವು ಒಬ್ಬರೇ ಪ್ರಯಾಣಿಸಬಹುದು. ಆದರೆ ಸೀಟಿನ ಭರವಸೆ ಯಾರೂ ಕೊಡುವುದಿಲ್ಲ. ಎರಡು ದಿನ ಕಾಯಬೇಕಾಗಬಹುದು. ಮರಳುವಾಗ ಸೀಟೇ ಸಿಗದಿರಬಹುದು. ಹೋಟೆಲಿಗೂ ವಾಪಸು ಟಿಕೆಟಿಗೂ ಹಣ ಕೈಯಲ್ಲಿದ್ದರೆ ಮಾತ್ರ ಹೊರಡಿ. ಪುಟ್ಟ ಮಕ್ಕಳಿದ್ದರೆ, ಶಾಲೆ ತೆರೆಯುವ ದಿನ ಹತ್ತಿರವಿದ್ದರೆ ಬೇಡವೇ ಬೇಡ. ಬೆಂಗಳೂರಿಗೆ ತವರಿಗೆ ಹೋಗಲು ಇದನ್ನು ನೆಚ್ಚಿಕೊಳ್ಳಬೇಡಿ. ಸಾಮಾನ್ಯ ಟಿಕೆಟ್ಟನ್ನೇ ಕೊಳ್ಳಿ.

ಇದಕ್ಕಿಂತ ಸುಲಭವಾಗಿ ಕೈಗೆಟುಕುವುದು ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್. ಅಮೆರಿಕದ ಇತರ ನಿವಾಸಿಗಳು 80 ಡಾಲರ್ ಕೊಡುವ ಈ ಪಾಸ್ ಮೀಸಲು ಸೈನಿಕರಿಗೂ ಅವರ ಕುಟುಂಬಕ್ಕೂ ಉಚಿತ. ಉದ್ಯಾನದ ಬಾಗಿಲಿನಲ್ಲೇ ಕಾರ್ಡ್ ತೋರಿಸಿ ಪಡೆಯಿರಿ. ಹವಾಯಿಯ ವೈಕಿಕಿ ಕಡಲತೀರದ ಹಾಲೆ ಕೋವಾ, ಫ್ಲಾರಿಡಾದ ಡಿಸ್ನಿ ವರ್ಲ್ಡ್ ಬಳಿಯ ಶೇಡ್ಸ್ ಆಫ್ ಗ್ರೀನ್ ಸೇನೆಯವರಿಗಾಗಿಯೇ ಇರುವ ಹೋಟೆಲ್‌ಗಳು. ಮೀಸಲು ಸೈನಿಕರ ಕುಟುಂಬಕ್ಕೂ ಅಲ್ಲಿ ಅವಕಾಶವಿದೆ. ಇವಕ್ಕೆ 30 ದಿನದ ಆದೇಶ ಬೇಕಿಲ್ಲ.

ಸೇನಾ ನೆಲೆಯ ಹತ್ತಿರ ಮನೆ ಇಲ್ಲದ ಮೀಸಲು ಕುಟುಂಬಗಳಿಗೆ ಅಕ್ಕಪಕ್ಕದಲ್ಲಿ ಕೇಳುವವರು ಕಡಿಮೆ. ಆ ಒಂಟಿತನ ನಿಜವಾದದ್ದು. ಮಿಲಿಟರಿ ಒನ್‌ಸೋರ್ಸ್ ಎಂಬ ಸರ್ಕಾರಿ ಸೇವೆ ಫೋನಿನಲ್ಲಿ ಹಗಲೂ ರಾತ್ರಿ ಸಿಗುತ್ತದೆ, ಆಪ್ತಸಮಾಲೋಚನೆಯನ್ನೂ ಉಚಿತವಾಗಿ ಕೊಡುತ್ತದೆ. ಸಂಕೋಚಪಡದೆ ಬಳಸಿಕೊಳ್ಳಿ.

ಊರಿನಲ್ಲಿ ಸೈಟೋ ಮನೆಯೋ ಇದ್ದರೆ ಒಂದು ಕೆಲಸ ಬಾಕಿ ಇದೆ. ಸಂಗಾತಿ ಹೊರಡುವ ಮುನ್ನ, ಅವರ ಪರವಾಗಿ ವ್ಯವಹರಿಸಲು ಅಧಿಕಾರ ಕೊಡುವ ಮುಕ್ತ್ಯಾರುನಾಮೆ ಸೇನೆಯ ಕಾನೂನು ನೆರವು ಕಚೇರಿಯಲ್ಲಿ ಉಚಿತವಾಗಿ ಆಗುತ್ತದೆ. ಅದು ಅಮೆರಿಕದ ವ್ಯವಹಾರಕ್ಕೆ. ಕರ್ನಾಟಕದ ಆಸ್ತಿಗೆ ಬೇರೆ ಪತ್ರ ಬೇಕು. ನೋಟರಿ ಎದುರು ಸಹಿ ಮಾಡಿ, ಭಾರತದ ಕಾನ್ಸುಲೇಟ್‌ನ ದೃಢೀಕರಣ ಅಥವಾ ಅಪಾಸ್ಟಿಲ್ ಮುದ್ರೆ ಹಾಕಿಸಿ ಕಳುಹಿಸಿ. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು ಎಂದು ಊರಿನಲ್ಲಿ ಪತ್ರ ಪಡೆಯುವವರಿಗೆ ಮೊದಲೇ ತಿಳಿಸಿಡಿ.